ಕಾಡಂಚಿನ ಹಳ್ಳಿಗಳಲ್ಲಿ ಹುಲಿ, ಚಿರತೆಗಳಿಂದ ಜಾನುವಾರುಗಳ ರಕ್ಷಣೆ

ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಹನೂರು ತಾಲ್ಲೂಕುಗಳ ಕಾಡಂಚಿನ ರೈತರು ಮಳೆ, ಬೆಲೆ, ರೋಗಗಳ ಜೊತೆಗೆ ಇನ್ನೊಂದು ನಷ್ಟವನ್ನೂ ಎದುರಿಸಬೇಕಾಗಿದೆ. ಸಂಜೆ ಹಾಲು ಕರೆದು ಕಟ್ಟಿದ ಹಸು ಬೆಳಗಾಗುವುದರೊಳಗೆ ಇಲ್ಲವಾಗುತ್ತದೆ. ಮೇಯಲು ಹೋದ ಕರು ಹಿಂದಿರುಗುವುದಿಲ್ಲ. ಒಂದು ಕರೆಯುವ ಹಸು ಹೋದರೆ ಡೈರಿಗೆ ಹಾಕುವ ಹಾಲು ನಿಲ್ಲುತ್ತದೆ, ಸಾಲದ ಕಂತು ಹಾಗೆಯೇ ಉಳಿಯುತ್ತದೆ, ಹೊಲಕ್ಕೆ ಗೊಬ್ಬರವೂ ಕಡಿಮೆಯಾಗುತ್ತದೆ. ಎರಡು ಎಕರೆ ಮಳೆಯಾಶ್ರಿತ ಭೂಮಿಯಿರುವ ಕುಟುಂಬಕ್ಕೆ ಇದು ಸಣ್ಣ ಪೆಟ್ಟಲ್ಲ.

ಈ ನಷ್ಟವನ್ನು ಸಂಪೂರ್ಣವಾಗಿ ತಪ್ಪಿಸುವುದು ಸಾಧ್ಯವಿಲ್ಲ. ಆದರೆ ಅದರ ಬಹುಪಾಲನ್ನು ರೈತರು ತಮ್ಮ ಕೈಯಲ್ಲಿರುವ ಕ್ರಮಗಳಿಂದಲೇ ತಡೆಯಬಹುದು. ದಾಳಿಯಾದ ನಂತರ ಹಠಕ್ಕೆ ಬಿದ್ದು ಮಾಡುವ ಕೆಲಸಕ್ಕಿಂತ ದಾಳಿಗೆ ಮುಂಚೆ ಕೊಟ್ಟಿಗೆಗೆ ಹಾಕಿಸುವ ಒಂದು ಗಟ್ಟಿ ಬಾಗಿಲು ಹೆಚ್ಚು ಪ್ರಯೋಜನಕಾರಿ. ಹುಲಿ, ಚಿರತೆಗಳ ಸ್ವಭಾವವೇನು, ಅವು ಊರ ಬಳಿಗೆ ಏಕೆ ಬರುತ್ತವೆ, ಕೊಟ್ಟಿಗೆ ಹೇಗಿರಬೇಕು, ಜಾನುವಾರು ಸತ್ತಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಗಾತ್ರ

ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ದೇಶದ ಮೊದಲ 9 ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದು. ಇಂದು ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನ ಬೆಟ್ಟ ಎಂಬ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ. ರಾಷ್ಟ್ರೀಯ ಗಣತಿಯಂತೆ ಕರ್ನಾಟಕದ ಹುಲಿಗಳ ಸಂಖ್ಯೆ 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563. ಇವುಗಳಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಪಾಲೇ ಅರ್ಧಕ್ಕಿಂತ ಹೆಚ್ಚು. ಚಿರತೆಗಳು 2022ರ ಅಂದಾಜಿನಂತೆ ರಾಜ್ಯದಲ್ಲಿ 1,879.

ಸಂಖ್ಯೆ ಹೆಚ್ಚಿದರೂ ಕಾಡು ದೊಡ್ಡದಾಗಿಲ್ಲ. ಕಾಡಿನ ಗಡಿಯವರೆಗೂ ರಾಗಿ, ಹತ್ತಿ, ಹುರುಳಿ, ಅರಿಸಿನ, ಶುಂಠಿ, ಚೆಂಡುಹೂವಿನ ಹೊಲಗಳಿವೆ. ಹೀಗಾಗಿ ರೈತನ ಹೊಲದ ಬದುವೇ ಹುಲಿಯ ಸರಹದ್ದೂ ಆಗಿದೆ.

ನಷ್ಟ ಎಷ್ಟಾಗಬಹುದು ಎಂಬುದಕ್ಕೆ ಭದ್ರಾ ಅರಣ್ಯದ ಒಳಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು ಉದಾಹರಣೆ. ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು 2003ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ ಅಲ್ಲಿನ ಕುಟುಂಬಗಳು ವರ್ಷಕ್ಕೆ ತಮ್ಮ ಜಾನುವಾರುಗಳಲ್ಲಿ ಸರಾಸರಿ ಶೇಕಡಾ 12ರಷ್ಟನ್ನು ಹುಲಿ, ಚಿರತೆಗಳಿಗೆ ಕಳೆದುಕೊಳ್ಳುತ್ತಿದ್ದವು. ಆನೆಗಳಿಂದ ಧಾನ್ಯದ ಶೇಕಡಾ 11ರಷ್ಟು ಹಾಳಾಗುತ್ತಿತ್ತು. ಆಗ ದೊರೆಯುತ್ತಿದ್ದ ಪರಿಹಾರ ಜಾನುವಾರು ನಷ್ಟದ ಶೇಕಡಾ 5ರಷ್ಟನ್ನು ಮಾತ್ರ ತುಂಬುತ್ತಿತ್ತು. ಪರಿಹಾರವೊಂದನ್ನೇ ನಂಬಿ ಕುಳಿತರೆ ಆಗದು, ನಷ್ಟವಾಗದಂತೆ ನೋಡಿಕೊಳ್ಳುವುದೇ ಮುಖ್ಯ ಎಂಬ ಪಾಠವನ್ನು ಈ ಅಂಕಿಗಳು ಕಲಿಸುತ್ತವೆ.

ಹುಲಿ, ಚಿರತೆ ಊರ ಬಳಿಗೆ ಏಕೆ ಬರುತ್ತವೆ?

ಹುಲಿ ಒಂಟಿಯಾಗಿ ಬಾಳುವ ಪ್ರಾಣಿ. ಪ್ರತಿ ಹುಲಿಗೂ ತನ್ನದೇ ಆದ ಎಲ್ಲೆ ಬೇಕು. ನಾಗರಹೊಳೆಯಲ್ಲಿ ದೀರ್ಘಕಾಲ ಹುಲಿಗಳ ಅಧ್ಯಯನ ನಡೆಸಿದ ಡಾ. ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಬೇಟೆಯ ಪ್ರಾಣಿಗಳ ಸಂತತಿ ಕ್ಷೀಣಿಸದೆ ಇಷ್ಟು ಸಿಗಬೇಕಾದರೆ ಪ್ರತಿ ಹುಲಿಗೂ ಕಡವೆ, ಜಿಂಕೆ, ಕಾಟಿ ಮುಂತಾದ ಸುಮಾರು 500 ಪ್ರಾಣಿಗಳಿರಬೇಕು.

ಮರಿಗಳು ಸುಮಾರು ಎರಡು ವರ್ಷ ತಾಯಿಯೊಂದಿಗಿದ್ದು ಬಳಿಕ ಸ್ವಂತ ಎಲ್ಲೆಯನ್ನು ಹುಡುಕಿಕೊಂಡು ಹೊರಡುತ್ತವೆ. ಒಳ್ಳೆಯ ಕಾಡೆಲ್ಲ ಬಲಿಷ್ಠ ಹುಲಿಗಳ ವಶದಲ್ಲಿರುವುದರಿಂದ ಹರೆಯದ ಹುಲಿಗಳೂ, ಮುಪ್ಪಾದ ಅಥವಾ ಗಾಯಗೊಂಡ ಹುಲಿಗಳೂ ಕಾಡಿನ ಅಂಚಿಗೆ ಬಂದು ನಿಲ್ಲುತ್ತವೆ. ಅಲ್ಲಿ ಅವುಗಳ ಕಣ್ಣಿಗೆ ಬೀಳುವುದು ಓಡಲಾರದ, ಹಗ್ಗದಲ್ಲಿ ಕಟ್ಟಿದ ದನ. ಕಾಡಿನಲ್ಲಿ ಲಂಟಾನದಂತಹ ಕಳೆಗಿಡಗಳು ಹಬ್ಬಿ ಹುಲ್ಲು ಕಡಿಮೆಯಾಗಿರುವುದು, ಅದೇ ಹುಲ್ಲಿಗೆ ಊರ ದನಗಳೂ ಬಾಯಿ ಹಾಕುವುದು, ಇವೆರಡರಿಂದಲೂ ಜಿಂಕೆ, ಕಡವೆಗಳ ಮೇವು ಕುಗ್ಗುತ್ತದೆ.

ಚಿರತೆಯ ಸಂಗತಿ ಬೇರೆ. ಅದಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ. ಕಲ್ಲುಗುಡ್ಡ, ಹಳ್ಳದ ಪೊದೆ, ಕಬ್ಬಿನ ಗದ್ದೆ, ಪಾಳುಬಿದ್ದ ತೋಟ ಇದ್ದರೆ ಸಾಕು. ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕ್ಯಾಮರಾಗಳನ್ನಿಟ್ಟು ನಡೆಸಿದ ಅಧ್ಯಯನದಲ್ಲಿ, ಕಾಡೇ ಇಲ್ಲದ ಕಬ್ಬಿನ ಪ್ರದೇಶದಲ್ಲಿ 100 ಚದರ ಕಿಲೋಮೀಟರಿಗೆ 5ರ ಸಮೀಪ ಚಿರತೆಗಳು ಕಂಡುಬಂದವು. ಅವುಗಳ ಆಹಾರದ ತೂಕದಲ್ಲಿ ಶೇಕಡಾ 87 ಸಾಕುಪ್ರಾಣಿಗಳು. ಅದರಲ್ಲೂ ನಾಯಿಗಳ ಪಾಲೇ ಶೇಕಡಾ 39. ಊರಿನಲ್ಲಿ ಬೀದಿನಾಯಿ, ತಿಪ್ಪೆಯ ಮೇಲೆ ಕೋಳಿ ಅಂಗಡಿಯ ತ್ಯಾಜ್ಯ, ಊರ ಹೊರಗೆ ಎಸೆದ ಸತ್ತ ಕುರಿ ಇದ್ದರೆ ಚಿರತೆಗೆ ಆಹ್ವಾನ ಕೊಟ್ಟಂತೆ.

ಆನೆಗಾಗಿ ತೋಡಿದ ಕಂದಕ, ರೈಲು ಕಂಬಿಯ ತಡೆ, ಸೌರ ಬೇಲಿ ಇವು ಹುಲಿ, ಚಿರತೆಗಳನ್ನು ತಡೆಯುತ್ತವೆಂದು ನಂಬಬಾರದು. ಕಂದಕವಿರುವ ಊರಿನಲ್ಲೂ ಕೊಟ್ಟಿಗೆ ಭದ್ರವಾಗಿರಲೇಬೇಕು.

ರಾತ್ರಿಯ ಕೊಟ್ಟಿಗೆ

ಚಿರತೆ ಬಹುಮಟ್ಟಿಗೆ ಕತ್ತಲಲ್ಲಿ ಊರೊಳಗೆ ಬರುತ್ತದೆ. ಮನೆಯ ಮುಂದಿನ ಗೂಟಕ್ಕೆ ಕಟ್ಟಿದ ಕರು, ಜಗುಲಿಯ ಮೇಲೆ ಮಲಗಿದ ಮೇಕೆ, ಮುಳ್ಳುಬೇಲಿಯ ದೊಡ್ಡಿಯಲ್ಲಿ ಕೂಡಿದ ಕುರಿ ಇವೇ ಅದಕ್ಕೆ ಸುಲಭ ತುತ್ತು. ಬಾಗಿಲಿಲ್ಲದ ಅಥವಾ ಮೇಲ್ಭಾಗ ತೆರೆದಿರುವ ದೊಡ್ಡಿಯೊಳಗೆ ಚಿರತೆ ಇಳಿದರೆ, ಹೊರಗೆ ಓಡಲಾಗದೆ ಕಂಗಾಲಾದ ಮೇಕೆಗಳನ್ನು ಒಂದರ ಮೇಲೊಂದರಂತೆ ಕೊಲ್ಲುವುದೂ ಉಂಟು. ಆದ್ದರಿಂದ ಕೊಟ್ಟಿಗೆಯನ್ನು ಕಟ್ಟುವಾಗ ಅಥವಾ ದುರಸ್ತಿ ಮಾಡುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಗೋಡೆ: ಕಲ್ಲು ಅಥವಾ ಇಟ್ಟಿಗೆಯ ಗೋಡೆ ಉತ್ತಮ. ಪೂರ್ತಿ ಗೋಡೆಗೆ ಹಣ ಸಾಲದಿದ್ದರೆ 3 ಅಡಿ ಗೋಡೆ ಕಟ್ಟಿ, ಅದರ ಮೇಲೆ ಛಾವಣಿಯವರೆಗೆ ಚೈನ್‌ಲಿಂಕ್ ತಂತಿಜಾಲರಿಯನ್ನು ಕಬ್ಬಿಣದ ಕಂಬಗಳಿಗೆ ಬಿಗಿಯಬಹುದು. ಜಾಲರಿಯ ಕಣ್ಣು 2 ಅಂಗುಲಕ್ಕಿಂತ ದೊಡ್ಡದಿರಬಾರದು. ಬಿದಿರಿನ ತಡಿಕೆ, ಹಳೆಯ ಸೀರೆ, ಮುಳ್ಳಿನ ಕಂತೆಗಳು ಚಿರತೆಯನ್ನು ತಡೆಯಲಾರವು.

2. ಛಾವಣಿ: ಚಿರತೆ ಎತ್ತರದ ಗೋಡೆಯನ್ನು ಸುಲಭವಾಗಿ ಹಾರುತ್ತದೆ, ಮರ ಹತ್ತಿ ಅಲ್ಲಿಂದಲೂ ಇಳಿಯುತ್ತದೆ. ಆದ್ದರಿಂದ ಗೋಡೆ ಎಷ್ಟೇ ಎತ್ತರವಿದ್ದರೂ ಮೇಲೆ ಹೆಂಚು, ತಗಡು ಅಥವಾ ಜಾಲರಿ ಇರಲೇಬೇಕು. ಗೋಡೆಗೂ ಛಾವಣಿಗೂ ನಡುವಿನ ಸಂದನ್ನು ಜಾಲರಿಯಿಂದ ಮುಚ್ಚಬೇಕು. ಹೆಚ್ಚಿನ ಕೊಟ್ಟಿಗೆಗಳಲ್ಲಿ ಮರೆತುಹೋಗುವುದು ಈ ಸಂದು.

3. ಬಾಗಿಲು: ಬಾಗಿಲಿನ ಕೆಳಗೆ, ಪಕ್ಕದಲ್ಲಿ ಪ್ರಾಣಿ ನುಸುಳುವಷ್ಟು ಎಡೆ ಇರಕೂಡದು. ಚಿಲಕ ಗಟ್ಟಿಯಾಗಿರಬೇಕು. ದನಗಳನ್ನು ಕಟ್ಟಿದ ನಂತರ ಚಿಲಕ ಹಾಕಿದೆಯೇ ಎಂದು ಮನೆಯವರೊಬ್ಬರು ಪ್ರತಿದಿನ ನೋಡುವ ಪದ್ಧತಿ ಇಟ್ಟುಕೊಳ್ಳಬೇಕು.

4. ಗಾಳಿ ಮತ್ತು ಸ್ಥಳ: ಭದ್ರತೆಯ ಹೆಸರಿನಲ್ಲಿ ಗಾಳಿಯಾಡದಂತೆ ಮುಚ್ಚಿದರೆ ದನಗಳಿಗೆ ಉಸಿರಾಟದ ತೊಂದರೆ, ಕೆಚ್ಚಲು ಬಾವು ಬರುತ್ತವೆ. ಹಸುವೊಂದಕ್ಕೆ 35 ರಿಂದ 40 ಚದರ ಅಡಿ, ಮೇಕೆ ಅಥವಾ ಕುರಿಗೆ 10 ಚದರ ಅಡಿ ಸ್ಥಳ ಬೇಕು. ಜಾಲರಿಯಿಂದ ಗಾಳಿ, ಬೆಳಕು ಬರುವುದರಿಂದ ಇದು ಪೂರ್ತಿ ಗೋಡೆಗಿಂತ ಒಳ್ಳೆಯದು.

5. ಸುತ್ತಮುತ್ತ: ಕೊಟ್ಟಿಗೆಯ ಸುತ್ತ ಸುಮಾರು 30 ಅಡಿ ಪೊದೆ, ಲಂಟಾನ, ಎತ್ತರದ ಕಳೆ ಇಲ್ಲದಂತೆ ಸವರಬೇಕು. ಹುಲ್ಲಿನ ಮೆದೆ, ಸೌದೆ ರಾಶಿಗಳನ್ನು ಗೋಡೆಗೆ ಒತ್ತಿ ಹಾಕಿದರೆ ಅದೇ ಚಿರತೆಗೆ ಮೆಟ್ಟಿಲಾಗುತ್ತದೆ. ಬಾಗಿಲ ಬಳಿ ಒಂದು ದೀಪ ಉರಿಯುತ್ತಿರಲಿ. ಆದರೆ ದೀಪವೊಂದನ್ನೇ ನಂಬಿ ಬಾಗಿಲು ತೆರೆದಿಡಬಾರದು.

6. ನಾಯಿ: ಸಾಕುನಾಯಿಯನ್ನು ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಬಾರದು. ಅದನ್ನೂ ಒಳಗೇ ಇಡಬೇಕು.

ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ತರುಬುವವರು ಮಂದೆಯ ಸುತ್ತ ಬರೀ ಹಗ್ಗದ ಬಲೆಯನ್ನು ಕಟ್ಟುವ ಬದಲು ಕಬ್ಬಿಣದ ಜಾಲರಿಯ, ಮೇಲೆಯೂ ಮುಚ್ಚುವಂತಹ ಚೌಕಟ್ಟುಗಳನ್ನು ಮಾಡಿಸಿಕೊಂಡರೆ ಜಾಗದಿಂದ ಜಾಗಕ್ಕೆ ಒಯ್ಯಬಹುದು. ಕನಿಷ್ಠ ಪಕ್ಷ ಮರಿಗಳನ್ನಾದರೂ ಇಂತಹ ಚೌಕಟ್ಟಿನೊಳಗೆ ಕೂಡಬೇಕು.

ಮೇಯಿಸುವ ಕ್ರಮ ಮತ್ತು ಮೇವು

ಹುಲಿಗೆ ಬಲಿಯಾಗುವ ದನಗಳಲ್ಲಿ ಹಲವು ಕಾಡಂಚಿನಲ್ಲಿ ಅಥವಾ ಕಾಡಿನೊಳಗೆ ಮೇಯುವಾಗ ಸಾಯುತ್ತವೆ. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವುದನ್ನು ಕಾನೂನು ನಿಷೇಧಿಸಿದೆ. ಅಲ್ಲಿ ಸತ್ತ ದನಕ್ಕೆ ಪರಿಹಾರ ಪಡೆಯುವುದೂ ತೊಡಕಾಗುತ್ತದೆ.

ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹಾಲಿಗಿಂತ ಸಗಣಿಗಾಗಿಯೇ ದನಗಳನ್ನು ಸಾಕಿ, ಗೊಬ್ಬರವನ್ನು ಕಾಫಿ ತೋಟಗಳಿಗೆ ಮಾರುವ ರೂಢಿಯಿತ್ತು. ಹೀಗೆ ಹೆಚ್ಚು ದನಗಳನ್ನು ಕಡಿಮೆ ಕಾವಲಿನಲ್ಲಿ ಕಾಡಿಗೆ ಅಟ್ಟುವುದರಿಂದ ಹುಲಿಯ ಬಾಯಿಗೆ ಸಿಗುವ ದನಗಳೂ ಹೆಚ್ಚುತ್ತವೆ. ಹಾಲು ಕೊಡದ ಹತ್ತು ದನಗಳ ಬದಲು ಚೆನ್ನಾಗಿ ಕರೆಯುವ ಎರಡು ಹಸುಗಳನ್ನು ಕಟ್ಟಿ ಮೇಯಿಸುವುದು ಲಾಭದಾಯಕ.

ಹೊರಗೆ ಮೇಯಿಸಲೇಬೇಕಾದವರು ಕೆಲವು ನಿಯಮಗಳನ್ನು ಪಾಲಿಸಬೇಕು. ಬಿಸಿಲೇರಿದ ನಂತರ ದನಗಳನ್ನು ಬಿಟ್ಟು ಸಂಜೆ 4 ಗಂಟೆಯ ವೇಳೆಗೆ ಹೊಡೆದುಕೊಂಡು ಬರಬೇಕು. ಹಲವು ಮನೆಗಳ ದನಗಳನ್ನು ಒಟ್ಟುಗೂಡಿಸಿ ಇಬ್ಬರು ಅಥವಾ ಮೂವರು ವಯಸ್ಕರು ಸರದಿಯಲ್ಲಿ ಕಾಯಬೇಕು. ಮಕ್ಕಳನ್ನು ದನ ಕಾಯಲು ಕಳಿಸಕೂಡದು. ಕರು, ಗಬ್ಬದ ಹಸು, ಕುಂಟುವ ದನಗಳನ್ನು ಮನೆಯಲ್ಲೇ ಕಟ್ಟಬೇಕು. ಹಳ್ಳದ ಪೊದೆ, ಲಂಟಾನದ ಮೆಳೆಗಳ ಹತ್ತಿರ ಮೇಯಿಸಬಾರದು.

ಕಟ್ಟಿ ಮೇಯಿಸಲು ಮೇವು ಬೇಕು. ಕೊಳವೆಬಾವಿಯಿರುವವರು ಬದುಗಳ ಮೇಲೆ ಮತ್ತು ಬಚ್ಚಲು ನೀರು ಹರಿಯುವ ಕಡೆ ಸಂಕರಣ ನೇಪಿಯರ್ ಹುಲ್ಲು ಬೆಳೆಸಬಹುದು. ನೆಟ್ಟ 60 ರಿಂದ 75 ದಿನಗಳಿಗೆ ಮೊದಲ ಕೊಯ್ಲು, ಅನಂತರ 40 ರಿಂದ 45 ದಿನಗಳಿಗೊಮ್ಮೆ ಕೊಯ್ಲು ಬರುತ್ತದೆ. ಇದರೊಂದಿಗೆ ಮೇವಿನ ಅಲಸಂದೆ, ಅಗಸೆ ಮರಗಳನ್ನು ಬೆಳೆಸಿದರೆ ಸಸಾರಜನಕವೂ ದೊರೆಯುತ್ತದೆ. ಮಳೆಯಾಶ್ರಿತ ರೈತರು ಮುಂಗಾರಿನಲ್ಲಿ ಮೇವಿನ ಜೋಳ ಬಿತ್ತಬಹುದು.

ಭತ್ತದ ಹುಲ್ಲು, ರಾಗಿ ಹುಲ್ಲುಗಳನ್ನು ಯೂರಿಯಾ ಉಪಚಾರದಿಂದ ಪೌಷ್ಟಿಕವಾಗಿಸಬಹುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರವಿ ನಂತರ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರನ್ನು ದನಗಳು ಕುಡಿಯದಂತೆ ಎಚ್ಚರ ವಹಿಸಬೇಕು.

ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಊರ ದನಗಳ ರೋಗ ಕಾಡಿನ ಕಾಟಿಗಳಿಗೂ ಹರಡಿದರೆ ಹುಲಿಯ ಸಹಜ ಬೇಟೆ ನಶಿಸುತ್ತದೆ. 1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ದೊಡ್ಡರೋಗದಿಂದ ಕಾಟಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತುದನ್ನು ಇಲ್ಲಿ ನೆನೆಯಬಹುದು.

ಕೊಂದ ಪ್ರಾಣಿ ಯಾವುದು?

ದನ ಸತ್ತ ಕೂಡಲೇ ಹುಲಿಯೇ ಕೊಂದಿತೆಂದು ತೀರ್ಮಾನಿಸುವುದು ತಪ್ಪು. ಹಲವು ವೇಳೆ ಬೀದಿನಾಯಿಗಳ ಹಿಂಡು ಕುರಿ, ಕರುಗಳನ್ನು ಕೊಂದಿರುತ್ತದೆ. ಗುರುತುಗಳು ಹೀಗಿವೆ.

ಹುಲಿ: ಸಾಮಾನ್ಯವಾಗಿ ದೊಡ್ಡ ದನಗಳನ್ನು ಹಿಡಿಯುತ್ತದೆ. ಗಂಟಲಲ್ಲಿ ಅಥವಾ ಕತ್ತಿನ ಹಿಂಭಾಗದಲ್ಲಿ ಕೋರೆಹಲ್ಲಿನ ಆಳವಾದ ಗಾಯಗಳಿರುತ್ತವೆ. ತಿನ್ನುವುದನ್ನು ಹೆಚ್ಚಾಗಿ ತೊಡೆಯ ಹಿಂಭಾಗದಿಂದ ಆರಂಭಿಸುತ್ತದೆ. ಹೆಜ್ಜೆ ಗುರುತು 10 ಸೆಂಟಿಮೀಟರಿಗಿಂತ ಅಗಲ.

ಚಿರತೆ: ಮೇಕೆ, ಕುರಿ, ಕರು, ನಾಯಿಗಳನ್ನು ಹಿಡಿಯುತ್ತದೆ. ಗಂಟಲಿನಲ್ಲಿ ಗಾಯವಿರುತ್ತದೆ. ಹೊಟ್ಟೆ ಅಥವಾ ಎದೆಯ ಭಾಗದಿಂದ ತಿನ್ನತೊಡಗುತ್ತದೆ. ಬೇಟೆಯನ್ನು ಪೊದೆಗೆ ಎಳೆದೊಯ್ಯುತ್ತದೆ, ಮರದ ಮೇಲಕ್ಕೂ ಒಯ್ಯುತ್ತದೆ. ಹೆಜ್ಜೆ ಗುರುತು ಸುಮಾರು 7 ಸೆಂಟಿಮೀಟರ್.

ನಾಯಿ: ತೊಡೆ, ಕಿವಿ, ಬಾಲ, ಹೊಟ್ಟೆಯ ಮೇಲೆ ಹರಕು ಮುರುಕಾದ ಹಲವಾರು ಗಾಯಗಳಿರುತ್ತವೆ. ಹೆಜ್ಜೆ ಗುರುತಿನಲ್ಲಿ ಉಗುರಿನ ಗೀರು ಕಾಣುತ್ತದೆ. ಹುಲಿ, ಚಿರತೆಗಳು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಳ್ಳುವುದರಿಂದ ಅವುಗಳ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ.

ಹೆಜ್ಜೆ ಗುರುತು ಸಿಕ್ಕರೆ ಅದರ ಮೇಲೆ ಬುಟ್ಟಿ ಅಥವಾ ಬಾಂಡಲಿ ಮುಚ್ಚಿಟ್ಟು ಅರಣ್ಯ ಸಿಬ್ಬಂದಿಗೆ ತೋರಿಸಬೇಕು. ಪರಿಹಾರಕ್ಕೆ ಇದು ಮುಖ್ಯ ಸಾಕ್ಷಿ.

ಜಾನುವಾರು ಸತ್ತಾಗ ಮಾಡಬೇಕಾದುದು

1. ಕಳೇಬರದ ಬಳಿಗೆ ಒಬ್ಬರೇ ಹೋಗಬಾರದು. ಹುಲಿ ತನ್ನ ಬೇಟೆಯ ಸಮೀಪದಲ್ಲೇ ಪೊದೆಯಲ್ಲಿ ಮಲಗಿರುತ್ತದೆ. ಮರಿಗಳಿರುವ ತಾಯಿಯಾದರೆ ಇನ್ನೂ ಅಪಾಯ.

2. ಅದೇ ದಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ತಡವಾದಷ್ಟೂ ಗುರುತುಗಳು ಅಳಿದು, ದಾವೆ ದುರ್ಬಲವಾಗುತ್ತದೆ.

3. ಸಿಬ್ಬಂದಿ ಬಂದು ನೋಡುವವರೆಗೆ ಕಳೇಬರವನ್ನು ಕದಲಿಸಬಾರದು, ಹೂಳಬಾರದು, ಚರ್ಮ ಸುಲಿಯಬಾರದು.

4. ಗಾಯ ಮತ್ತು ಕಿವಿಯೋಲೆ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಬೇಕು. 12 ಅಂಕಿಗಳ ಕಿವಿಯೋಲೆ ಇರುವ ಜಾನುವಾರಿನ ಒಡೆತನವನ್ನು ಸಾಬೀತುಪಡಿಸುವುದು ಸುಲಭ. ಇನ್ನೂ ಹಾಕಿಸದಿರುವವರು ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬೇಕು.

5. ಪಶುವೈದ್ಯರ ಪ್ರಮಾಣಪತ್ರ, ಅರಣ್ಯ ಸಿಬ್ಬಂದಿಯ ಮಹಜರು, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಗಳೊಂದಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಪರಿಹಾರದ ದರಗಳು ಆಗಾಗ್ಗೆ ಪರಿಷ್ಕರಣೆಯಾಗುತ್ತವೆ. ಚಾಲ್ತಿಯಲ್ಲಿರುವ ದರವನ್ನು ವಲಯ ಕಚೇರಿಯಲ್ಲೇ ಕೇಳಿ ತಿಳಿಯಬೇಕು.

6. ವಿಮೆ ಇದ್ದರೆ ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು. ವಿಮೆ ಮಾಡಿಸುವಾಗಲೇ ಕಾಡುಪ್ರಾಣಿಯ ದಾಳಿ ಅದರಲ್ಲಿ ಸೇರಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಅರ್ಜಿ ಬರೆಯಲು, ದಾಖಲೆ ಹೊಂದಿಸಲು ತೊಂದರೆಪಡುವ ರೈತರಿಗೆ ನೆರವಾಗಲು ವನ್ಯಜೀವಿ ಅಧ್ಯಯನ ಕೇಂದ್ರವು 2015ರಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತಿನ ಹಳ್ಳಿಗಳಲ್ಲಿ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ರೈತನಿಂದ ದೂರವಾಣಿ ಕರೆ ಬಂದಾಗ ಸಿಬ್ಬಂದಿ ಸ್ಥಳಕ್ಕೆ ಹೋಗಿ ಅರ್ಜಿ ಸಿದ್ಧಪಡಿಸುವುದು ಇದರ ಕ್ರಮ. ಗ್ರಾಮಮಟ್ಟದ ವಿಸ್ತರಣಾ ಕಾರ್ಯಕರ್ತರು, ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳು ತಮ್ಮ ಊರಿನಲ್ಲಿ ಇದೇ ಕೆಲಸವನ್ನು ಮಾಡಬಹುದು. ಅರ್ಜಿ ನಮೂನೆಗಳನ್ನು ಸಂಘದಲ್ಲಿಯೇ ಇಟ್ಟುಕೊಂಡರೆ ರೈತನಿಗೆ ಎರಡು ದಿನದ ಓಡಾಟ ಉಳಿಯುತ್ತದೆ.

ಕಳೇಬರವನ್ನು ಏಕೆ ಬಿಡಬೇಕೆಂದು ಹಲವರು ಕೇಳುತ್ತಾರೆ. ಬೇಟೆಯಾಡಿದ ಹುಲಿ ಎರಡು ಮೂರು ದಿನ ಅದನ್ನೇ ತಿನ್ನುತ್ತದೆ. ಅದನ್ನು ಕಿತ್ತುಕೊಂಡರೆ ಹಸಿದ ಹುಲಿ ಪಕ್ಕದ ಹೊಲದಲ್ಲಿ ಮತ್ತೊಂದು ದನವನ್ನು ಹಿಡಿಯುತ್ತದೆ. ಕಳೇಬರ ಮನೆಗಳ ಮಧ್ಯೆ ಇದ್ದರೆ ಮಾತ್ರ ಅರಣ್ಯ ಸಿಬ್ಬಂದಿಯ ಸಮ್ಮುಖದಲ್ಲಿ ಅದನ್ನು ದೂರಕ್ಕೆ ಸಾಗಿಸಬೇಕು.

ವಿಷ ಹಾಕುವುದರ ಪರಿಣಾಮ

ಮಕ್ಕಳಂತೆ ಸಾಕಿದ ಹಸು ಸತ್ತಾಗ ರೈತನಿಗೆ ಸಂಕಟ, ಸಿಟ್ಟು ಬರುವುದು ಸಹಜ. ಅಂತಹ ಗಳಿಗೆಯಲ್ಲಿ ಕಳೇಬರಕ್ಕೆ ಕೀಟನಾಶಕ ಸುರಿಯುವ ಯೋಚನೆ ಕೆಲವರಿಗೆ ಬರುತ್ತದೆ. 2025ರ ಜೂನ್ 26ರಂದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದೇ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂದು ಸ್ಥಳೀಯರ ಬಂಧನವಾಯಿತು. ಹಸು ಹೋದುದಲ್ಲದೆ ದುಡಿಯುವ ಗಂಡಾಳೂ ಜೈಲು ಸೇರಿದರೆ ಕುಟುಂಬದ ಗತಿಯೇನು ಎಂಬುದನ್ನು ಯಾರಾದರೂ ಊಹಿಸಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಹುಲಿ, ಚಿರತೆಗಳಿವೆ. ಇವುಗಳನ್ನು ಕೊಂದವರಿಗೆ 3 ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಕಾನೂನು ಅದನ್ನು ಅಪರಾಧವೆಂದು ಎಣಿಸುವುದಿಲ್ಲ. ಆದರೆ ಈ ವಿನಾಯಿತಿ ಮನುಷ್ಯರ ಪ್ರಾಣಕ್ಕೆ ಮಾತ್ರ, ಜಾನುವಾರು ರಕ್ಷಣೆಗೆ ಅನ್ವಯಿಸುವುದಿಲ್ಲ.

ಕಾನೂನಿನ ಮಾತು ಹಾಗಿರಲಿ, ವಿಷಕ್ಕೆ ಹುಲಿಯೆಂದೂ ನಾಯಿಯೆಂದೂ ಭೇದವಿಲ್ಲ. ಆ ಮಾಂಸ ತಿಂದ ಊರನಾಯಿ, ಕಾಗೆ, ರಣಹದ್ದುಗಳು ಸಾಯುತ್ತವೆ. ಮಳೆ ಬಂದರೆ ವಿಷ ಹಳ್ಳಕ್ಕೆ, ಕೆರೆಗೆ ಸೇರುತ್ತದೆ. ಬೇಲಿಗೆ ನೇರ ವಿದ್ಯುತ್ ಹಾಯಿಸುವುದೂ, ಉರುಳು ಹಾಕುವುದೂ ಇಷ್ಟೇ ಅಪಾಯಕರ. ನೇರ ವಿದ್ಯುತ್ತಿನ ಬೇಲಿ ಮೊದಲು ಬಲಿ ತೆಗೆದುಕೊಳ್ಳುವುದು ಹಲವು ವೇಳೆ ಅದನ್ನು ಹಾಕಿದವರನ್ನೇ ಅಥವಾ ನೆರೆಯವರ ದನವನ್ನೇ.

ಹಿಡಿದು ಬೇರೆಡೆ ಬಿಟ್ಟರೆ ಸಾಕೇ?

ಚಿರತೆ ಕಂಡೊಡನೆ ಬೋನು ಇಟ್ಟು ಹಿಡಿಯಬೇಕೆಂಬ ಒತ್ತಾಯ ಎಲ್ಲ ಊರುಗಳಲ್ಲೂ ಇದೆ. ಜನರ ಮೇಲೆ ದಾಳಿ ಮಾಡಿದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇವಲ ಕಾಣಿಸಿಕೊಂಡ ಚಿರತೆಯನ್ನು ಹಿಡಿದು ದೂರ ಬಿಡುವುದರಿಂದ ತೊಂದರೆ ಹೆಚ್ಚಿದ ಉದಾಹರಣೆಯಿದೆ. ಪುಣೆ ಜಿಲ್ಲೆಯ ಜುನ್ನರ್ ಪ್ರದೇಶದಲ್ಲಿ 2001ರ ಸುಮಾರಿಗೆ ಇಂತಹ ಕಾರ್ಯಕ್ರಮ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ, 1993 ರಿಂದ 2001ರವರೆಗೆ ಅಲ್ಲಿ ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. ಕಾರ್ಯಕ್ರಮ ಆರಂಭವಾದ ನಂತರ ಅದು 17ಕ್ಕೆ ಏರಿತು. ಪರಿಚಯವಿಲ್ಲದ ಸ್ಥಳದಲ್ಲಿ ಬಿಟ್ಟ ಚಿರತೆ ಗಾಬರಿಗೊಂಡು ತಿರುಗುತ್ತದೆ. ಖಾಲಿಯಾದ ಎಲ್ಲೆಗೆ ಹೊಸ ಚಿರತೆ ಬರುತ್ತದೆ. ಮೇವು ಇರುವ ಕಡೆ ಇನ್ನೊಂದು ಹಸು ಬರುವ ಹಾಗೆ.

ಹುಲಿ ಊರ ಬಳಿ ನೆಲೆನಿಂತಾಗ ಅನುಸರಿಸಬೇಕಾದ ಕ್ರಮವನ್ನು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ರೂಪಿಸಿದೆ. ಅದರಂತೆ ರಚಿಸುವ ಸಮಿತಿಯಲ್ಲಿ ಪಶುವೈದ್ಯರ ಜೊತೆಗೆ ಸ್ಥಳೀಯ ಪಂಚಾಯಿತಿಯ ಪ್ರತಿನಿಧಿಗೂ ಸ್ಥಾನವಿದೆ. ಪಂಚಾಯಿತಿಗಳು ಈ ಹಕ್ಕನ್ನು ಕೇಳಿ ಪಡೆಯಬೇಕು. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ರೊಚ್ಚಿಗೆದ್ದ ಜನ ಅರಣ್ಯ ಸಿಬ್ಬಂದಿಯನ್ನೇ ಹುಲಿ ಬೋನಿನಲ್ಲಿ ಕೂಡಿದರು. ಅಹವಾಲು ಹೇಳಿಕೊಳ್ಳಲು ಸರಿಯಾದ ದಾರಿ ಇಲ್ಲದಾಗ ಇಂತಹವು ನಡೆಯುತ್ತವೆ. ಸಿಬ್ಬಂದಿ ಮತ್ತು ಗ್ರಾಮಸ್ಥರು ತಿಂಗಳಿಗೊಮ್ಮೆ ಕುಳಿತು ಮಾತನಾಡುವ ಪದ್ಧತಿಯಿದ್ದರೆ ಪರಿಸ್ಥಿತಿ ಇಲ್ಲಿಗೆ ಮುಟ್ಟುವುದಿಲ್ಲ.

ಜನರ ಸುರಕ್ಷತೆ

ಜಾನುವಾರು ಹೋದರೆ ಮತ್ತೆ ಕೊಳ್ಳಬಹುದು. ಮನುಷ್ಯರ ಪ್ರಾಣಕ್ಕೆ ಬೆಲೆಯಿಲ್ಲ. 2022ರ ಕೊನೆ ಮತ್ತು 2023ರ ಆರಂಭದ ತಿಂಗಳುಗಳಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅನಂತರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯನ್ನು ರಚಿಸಲಾಯಿತು. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಯಿಂದ ರೈತರು ಮೃತಪಟ್ಟಾಗ, ನವೆಂಬರ್ 7ರಂದು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಕಾವಲಿಗೆ ಹಚ್ಚಲು ಸರ್ಕಾರ ಆದೇಶಿಸಿತು. ಕಾಡಂಚಿನ ಪ್ರತಿ ಕುಟುಂಬವೂ ಈ ಮುಂಜಾಗ್ರತೆಗಳನ್ನು ರೂಢಿಸಿಕೊಳ್ಳಬೇಕು.

* ಮುಸ್ಸಂಜೆಯಿಂದ ಬೆಳಗಿನವರೆಗೆ ಮಕ್ಕಳನ್ನು ಒಂಟಿಯಾಗಿ ಅಂಗಳದಲ್ಲೂ ಬಿಡಬಾರದು. ಬಹಿರ್ದೆಸೆಗೆ ಹೊಲಕ್ಕೆ ಹೋಗದೆ ಮನೆಯ ಶೌಚಾಲಯವನ್ನೇ ಬಳಸಬೇಕು.

* ಹುಲ್ಲು ಕೊಯ್ಯುವುದು, ಹತ್ತಿ ಬಿಡಿಸುವುದು ಮುಂತಾಗಿ ಬಗ್ಗಿ ಮಾಡುವ ಕೆಲಸಗಳಲ್ಲಿ ನಾಲ್ಕೈದು ಜನ ಒಟ್ಟಾಗಿರಬೇಕು. ಒಬ್ಬರು ನಿಂತು ಸುತ್ತ ನೋಡುತ್ತಿರಬೇಕು.

* ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಒಬ್ಬರೇ ಹೋಗಬಾರದು. ಇಬ್ಬರು ಬ್ಯಾಟರಿ ದೀಪ ಹಿಡಿದು, ಜೋರಾಗಿ ಮಾತನಾಡುತ್ತಾ ಹೋಗಬೇಕು. ಕಾಡಂಚಿನ ಮಾರ್ಗಗಳಿಗೆ ಹಗಲಿನಲ್ಲೇ ತ್ರೀ ಫೇಸ್ ವಿದ್ಯುತ್ ಕೊಡಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ವಿದ್ಯುತ್ ಸರಬರಾಜು ಕಂಪನಿಗೆ ಕಳಿಸಬೇಕು.

* ಕಬ್ಬು ಕಡಿಯುವಾಗ ಗದ್ದೆಯನ್ನು ನಾಲ್ಕೂ ಕಡೆಯಿಂದ ಸುತ್ತುವರಿಯಬಾರದು. ಒಂದು ಬದಿಯಿಂದ ಸದ್ದು ಮಾಡುತ್ತಾ ಕಡಿಯುತ್ತಾ ಹೋದರೆ ಪ್ರಾಣಿ ಇನ್ನೊಂದು ಬದಿಯಿಂದ ಹೊರಟುಹೋಗುತ್ತದೆ. ತರಗಿಗೆ ಬೆಂಕಿ ಹಚ್ಚುವ ಬದಲು ಅದನ್ನು ಸಾಲುಗಳಲ್ಲೇ ಹೊದಿಕೆಯಾಗಿ ಹಾಸುವುದು ಉತ್ತಮ.

* ಗದ್ದೆಯಲ್ಲಿ ಚಿರತೆ ಮರಿಗಳು ಸಿಕ್ಕರೆ ಮುಟ್ಟದೆ, ಎತ್ತಿಕೊಳ್ಳದೆ ದೂರ ಸರಿದು ಇಲಾಖೆಗೆ ತಿಳಿಸಬೇಕು. ಜನಸಂದಣಿ ಇಲ್ಲದಿದ್ದರೆ ರಾತ್ರಿ ತಾಯಿ ಬಂದು ಮರಿಗಳನ್ನು ಒಯ್ಯುತ್ತದೆ. ಮರಿ ಕಳೆದುಕೊಂಡ ತಾಯಿ ಅಲ್ಲೇ ಸುತ್ತುತ್ತಿದ್ದರೆ ಊರಿಗೇ ಅಪಾಯ.

* ಎದುರಾದ ಹುಲಿ, ಚಿರತೆಗೆ ಬೆನ್ನು ತೋರಿಸಿ ಓಡಬಾರದು, ಕುಕ್ಕುರು ಕೂರಬಾರದು. ಎದುರು ನೋಡುತ್ತಾ, ಕೈ ಎತ್ತಿ ಗಟ್ಟಿಯಾಗಿ ಕೂಗುತ್ತಾ ನಿಧಾನವಾಗಿ ಹಿಂದೆ ಸರಿಯಬೇಕು. ಮಕ್ಕಳಿದ್ದರೆ ಎತ್ತಿಕೊಳ್ಳಬೇಕು.

* ಪ್ರಾಣಿಯನ್ನು ನೋಡಲು, ಚಿತ್ರ ತೆಗೆಯಲು ಗುಂಪು ಸೇರಬಾರದು. ಸುತ್ತುವರಿದ ಪ್ರಾಣಿ ದಾರಿ ಕಾಣದೆ ಜನರ ಮೇಲೆಯೇ ಎರಗುತ್ತದೆ.

* ಗಾಯವಾದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹೆಚ್ಚು ಹರಿಯುತ್ತಿದ್ದರೆ ಮೊದಲು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಧನುರ್ವಾಯು ಮತ್ತು ಹುಚ್ಚುನಾಯಿ ರೋಗದ ಚುಚ್ಚುಮದ್ದುಗಳು ಅಗತ್ಯ.

ಊರು ಒಟ್ಟಾಗಿ ಮಾಡಬೇಕಾದ ಕೆಲಸ

ಒಂದು ಮನೆಯ ಕೊಟ್ಟಿಗೆ ಭದ್ರವಾಗಿ ಪಕ್ಕದ ಮನೆಯದು ತೆರೆದಿದ್ದರೆ ಚಿರತೆ ಊರಿಗೆ ಬರುವುದು ನಿಲ್ಲುವುದಿಲ್ಲ. ಆದ್ದರಿಂದ ಇದು ಊರೊಟ್ಟಿನ ಕೆಲಸ. ದನದ ಕೊಟ್ಟಿಗೆ ನಿರ್ಮಾಣಕ್ಕೆ ದೊರೆಯುವ ನೆರವನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಹತ್ತಾರು ಮನೆಯವರು ಕೂಡಿ ಜಾಲರಿಯನ್ನು ಒಟ್ಟಿಗೆ ಕೊಂಡರೆ ಖರ್ಚು ಇಳಿಯುತ್ತದೆ. ಕೋಳಿ ಅಂಗಡಿಯ ತ್ಯಾಜ್ಯವನ್ನೂ, ರೋಗದಿಂದ ಸತ್ತ ಜಾನುವಾರುಗಳನ್ನೂ ಆಳವಾದ ಗುಂಡಿಯಲ್ಲಿ ಹೂಳಬೇಕು. ಬೀದಿನಾಯಿಗಳ ಸಂತಾನಹರಣಕ್ಕೆ ಪಂಚಾಯಿತಿ ಕ್ರಮ ಕೈಗೊಳ್ಳಬೇಕು. ಶಾಲೆಗೆ ಹೋಗುವ ಮಕ್ಕಳು ಗುಂಪಾಗಿ ಹೋಗಿ ಬರುವ ಏರ್ಪಾಡು ಮಾಡಬೇಕು.

ಕಾಡು ಉಳಿದರೆ ಕಬಿನಿ, ನುಗು, ಗುಂಡ್ಲು ಹೊಳೆಗಳಲ್ಲಿ ನೀರು ಉಳಿಯುತ್ತದೆ. ಆ ನೀರನ್ನು ಕಾಡಂಚಿನ ರೈತ ಮಾತ್ರವಲ್ಲ, ದೂರದ ಪಟ್ಟಣದವರೂ ಕುಡಿಯುತ್ತಾರೆ. ಹೀಗಿರುವಾಗ ಕಾಡನ್ನು ಕಾಯುವ ಭಾರವೆಲ್ಲ ಕಾಡಂಚಿನ ರೈತನೊಬ್ಬನ ಮೇಲೆಯೇ ಬೀಳುವುದು ನ್ಯಾಯವಲ್ಲ. ಸಕಾಲದಲ್ಲಿ ಪರಿಹಾರ, ಹಗಲು ವಿದ್ಯುತ್, ಕೊಟ್ಟಿಗೆಗೆ ನೆರವು ಇವು ಅವನಿಗೆ ಸಲ್ಲಬೇಕಾದುವು. ಅವುಗಳನ್ನು ಕೇಳಿ ಪಡೆಯುತ್ತಲೇ, ತನ್ನ ಕೈಯಲ್ಲಿರುವ ಕೆಲಸವನ್ನು ರೈತ ಇಂದೇ ಆರಂಭಿಸಬಹುದು. ಈ ದಿನ ಸಂಜೆ ದನ ಕಟ್ಟುವ ಮುನ್ನ ಕೊಟ್ಟಿಗೆಯನ್ನು ಒಮ್ಮೆ ಸುತ್ತಿ ನೋಡಲಿ. ಗೋಡೆಯ ಮೇಲಿನ ಸಂದು, ಸಡಿಲವಾದ ಚಿಲಕ, ಗೋಡೆಗೊರಗಿದ ಸೌದೆ ರಾಶಿ ಕಂಡರೆ ನಾಳೆಗೆ ಬಿಡದೆ ಸರಿಪಡಿಸಲಿ.